ಬಿಂದುಮೀಮಾಂಸೆ: ಬೋಟಿನ ಗ್ಲ್ಯಾಂಡ್ ಸೋರಿಕೆಯ ಬಗ್ಗೆ ಒಂದು ಪ್ರೌಢಪ್ರಬಂಧ

ಮುಳುಗಬಾರದ ವಸ್ತುವಿಗೆ, ಅದೂ ನೀರಿನ ಮಟ್ಟದ ಕೆಳಗೆ, ಬೇಕೆಂದೇ ತೂತು ಕೊರೆದವನಿಗೆ ಮೊದಲ ನಮಸ್ಕಾರ. ಎಂಜಿನ್ ಒಳಗೆ, ಫ್ಯಾನು ಹೊರಗೆ. ನಡುವಿನ ಶಾಫ್ಟ್‌ಗೆ ದಾರಿ ಬೇಕು. ಆ ದಾರಿ ಸಮುದ್ರಕ್ಕೆ ಗೊತ್ತಾಗಬಾರದು. ಈ ಗುಟ್ಟು ಕಾಯುವುದೇ ಗ್ಲ್ಯಾಂಡ್.

ದ್ವಾರಕೆಯಿಂದ ಕೃಷ್ಣವಿಗ್ರಹ ಹೊತ್ತು ಬಂದ ಹಡಗನ್ನು ಮಧ್ವಾಚಾರ್ಯರು ಮಲ್ಪೆಯ ಕಡಲಲ್ಲಿ ಬಿರುಗಾಳಿಯಿಂದ ಪಾರುಮಾಡಿದರೆಂಬುದು ಐತಿಹ್ಯ. ಅದು ಹಾಯಿಹಡಗು, ಶಾಫ್ಟೇ ಇರಲಿಲ್ಲ. ಹಾಗಾಗಿ ಗ್ಲ್ಯಾಂಡ್ ಮೇಲೆ ಆರೋಪ ಹೊರಿಸಲು ಈ ಸಂಶೋಧಕನಿಗೆ ಆಸ್ಪದವಿಲ್ಲ. ಆದರೂ ದ್ವೈತದ ಉಡುಪಿಗೆ ಹತ್ತಿರದ ಈ ಬಂದರಿನಲ್ಲಿ ಗ್ಲ್ಯಾಂಡ್ ಮಾಡುವುದು ಭೇದರಕ್ಷಣೆಯೇ: ಒಳಗು ಬೇರೆ, ಹೊರಗು ಬೇರೆ. ಎರಡೂ ಒಂದೇ ಎಂಬ ಸಾಕ್ಷಾತ್ಕಾರವಾದ ತಾಂಡೇಲನಿಗೆ ಲೈಫ್ ಜಾಕೆಟ್ ಬೇಕಾಗುತ್ತದೆ.

ಇಲ್ಲಿ ಪೂರ್ವಪಕ್ಷದವರು ಶುಷ್ಕವಾದಿಗಳು. ಒಂದು ಹನಿಯೂ ಬೀಳಕೂಡದೆಂಬುದು ಇವರ ಮತ. ಇವರು ಸಾಮಾನ್ಯವಾಗಿ ಬೋಟಿನ ಮಾಲಕರು, ವಾಸ ದಡದಲ್ಲಿ. ಹನಿ ಕಂಡರೆ ನಟ್ಟು ಬಿಗಿಸುತ್ತಾರೆ, ಇನ್ನೂ ಕಂಡರೆ ಇನ್ನೂ ಬಿಗಿಸುತ್ತಾರೆ. ಇದಕ್ಕೆ ಮೆಕ್ಯಾನಿಕ್ ಹೇಳಿದ ಖಂಡನೆ: "ಹನಿ ನಿಂತ್ರೆ ಹೆದರ್ಬೇಕು ಮಾರಾಯ್ರೆ, ಬಿದ್ರೆ ಅಲ್ಲ." ಗ್ಲ್ಯಾಂಡ್‌ನೊಳಗಿನ ಪ್ಯಾಕಿಂಗ್ ಎಂದರೆ ಗ್ರೀಸೋ ಗ್ರ್ಯಾಫೈಟೋ ಕುಡಿದ ಹೆಣೆದ ಹಗ್ಗ. ಅದನ್ನು ತಂಪಾಗಿಡುವುದು ಸೋರುವ ಆ ನೀರೇ. ನೀರು ತಪ್ಪಿದರೆ ಹಗ್ಗ ಕಾದು, ಗಟ್ಟಿಯಾಗಿ, ಶಾಫ್ಟ್‌ನಲ್ಲೇ ಗೀರು ಕೊರೆಯುತ್ತದೆ. ಆಮೇಲೆ ಎಷ್ಟು ಹೊಸ ಪ್ಯಾಕಿಂಗ್ ತುರುಕಿದರೂ ಸಮುದ್ರ ಒಳಗೇ. ಆದ್ದರಿಂದ ಸಿದ್ಧಾಂತ: ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ, ನಿಂತಾಗ ಹೆಚ್ಚುಕಡಿಮೆ ಶೂನ್ಯ.

ಪ್ರಮಾಣಗಳು ಮೂರು. ಗ್ಲ್ಯಾಂಡ್ ಮೇಲೆ ಕೈಯಿಟ್ಟು ನೋಡುವುದು ಪ್ರತ್ಯಕ್ಷ. ಕೈ ಇಡಲಾಗದಷ್ಟು ಬಿಸಿಯಿದ್ದರೆ ನಟ್ಟು ಸಡಿಲಿಸಿ. ಹೊಗೆಯಿದ್ದಲ್ಲಿ ಬೆಂಕಿ ಎಂಬ ಅನುಮಾನಕ್ಕೆ ಎಂಜಿನ್ ರೂಮಿನಲ್ಲಿ ಉದಾಹರಣೆ ಸಿಗುವ ಹೊತ್ತಿಗೆ ಶಾಸ್ತ್ರಾಭ್ಯಾಸದ ಕಾಲ ಮೀರಿರುತ್ತದೆ. ಶಬ್ದಪ್ರಮಾಣ ಮೆಕ್ಯಾನಿಕ್‌ನ ಬೈಗುಳ.

ಪ್ಯಾಕಿಂಗ್ ಬದಲಿಸುವ ಪುಣ್ಯಕಾಲ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೋಟು ದಡಕ್ಕೇರಿದಾಗ. ಹಳೆಯ ಸುತ್ತುಗಳನ್ನೆಲ್ಲ ಕೊಕ್ಕೆಯಿಂದ ಎಳೆದು ತೆಗೆಯಬೇಕು. ಹಳತರ ಮೇಲೊಂದು ಹೊಸತು ತುರುಕುವುದು ಜಿಪುಣರ ವ್ಯಾಖ್ಯಾನ. ಹಗ್ಗವನ್ನು ಸುರುಳಿ ಸುತ್ತಕೂಡದು. ಬಿಡಿ ಬಳೆಗಳಾಗಿ ಕತ್ತರಿಸಿ, ಒಂದರ ಸಂದಿನ ಮೇಲೆ ಇನ್ನೊಂದರ ಸಂದು ಬಾರದಂತೆ ಕೂರಿಸಬೇಕು. ಸಂದುಗಳು ಸಾಲಾಗಿ ನಿಂತರೆ ಅದು ಸಮುದ್ರಕ್ಕೆ ಹಾಸಿದ ರತ್ನಗಂಬಳಿ.

ಮೆಕ್ಯಾನಿಕಲ್ ಸೀಲ್ ಎಂಬ ನವ್ಯಪಂಥವೂ ಇದೆ. ಕಾರ್ಬನ್ ಬಳೆಯೊಂದು ಉಕ್ಕಿನ ಬಿಲ್ಲೆಗೆ ಮುಖ ಒತ್ತಿ ಕೂರುತ್ತದೆ, ಹಿಂದೆ ರಬ್ಬರಿನ ತಿದಿ. ಹನಿಯಿಲ್ಲ, ಚಿಂತೆಯಿಲ್ಲ. ಪ್ಯಾಕಿಂಗ್ ಕೆಡುವಾಗ ಹನಿಹನಿಯಾಗಿ ಎಚ್ಚರಿಸುತ್ತದೆ. ತಿದಿ ಹರಿದರೆ ಎಚ್ಚರಿಕೆಯೂ ನೀರೂ ಒಟ್ಟಿಗೇ ಬರುತ್ತವೆ.

ಸಿದ್ಧಾಂತ ಪರೀಕ್ಷಿಸಲು ಗ್ಲ್ಯಾಂಡ್ ಬಳಿ ಗಡಿಯಾರ ಹಿಡಿದು ಕುಕ್ಕರಗಾಲಲ್ಲಿ ಕೂತೆ. ಎರಡನೆಯ ಹನಿ ಬಿದ್ದಿತ್ತು, ಮೂರನೆಯದು ತೂಗುತ್ತಿತ್ತು. ಅಷ್ಟರಲ್ಲಿ ಮಾಲಕರು ಸ್ಪ್ಯಾನರ್ ಹಿಡಿದು ಇಳಿದು ಬಂದರು.