ನಾಗಸಂದ್ರೀಯ ಪರಕಾಯಪ್ರವೇಶ ಮೀಮಾಂಸೆ

ಪರಕಾಯಪ್ರವೇಶವನ್ನು ಕುರಿತು ಪೂರ್ವಸೂರಿಗಳು ಹೇಳಿದ್ದೆಲ್ಲ ಯೋಗಿಯ ಕಡೆಯಿಂದ. ಅಮರುಕ ರಾಜನ ಶರೀರವನ್ನು ಶಂಕರರು ಹೊಕ್ಕ ಕಥೆ ಶಂಕರವಿಜಯದಲ್ಲಿದೆ. ಆ ಶರೀರದ ಅಭಿಪ್ರಾಯವೇನಿತ್ತೆಂದು ಯಾವ ಭಾಷ್ಯಕಾರನೂ ವಿಚಾರಿಸಿಲ್ಲ. ಈ ಲೋಪವನ್ನು ತುಂಬಲೆಂದು ಪ್ರಸ್ತುತ ಪ್ರಬಂಧಕಾರನು ತುಮಕೂರು ರಸ್ತೆಯ ಮಗ್ಗುಲಿನ ನಾಗಸಂದ್ರದಲ್ಲಿ, ವರ್ಕ್‌ಶಾಪೊಂದರ ಆಫೀಸು ರೂಮಿನಲ್ಲಿ ಕ್ಷೇತ್ರಕಾರ್ಯ ನಡೆಸಿದನು. (ಒಟ್ಟು ವೆಚ್ಚ: ಬೈಟು ಕಾಫಿ. ಅನುದಾನ ಇನ್ನೂ ಬಂದಿಲ್ಲ.)

ಮೊದಲು ಶವಲಕ್ಷಣ. 2016ರಲ್ಲಿ ಕೊಂಡ ಡೆಸ್ಕ್‌ಟಾಪ್. ಫ್ಯಾನಿನಲ್ಲಿ ಪಕ್ಕದ ಲೇತಿನ ಕಬ್ಬಿಣದ ಪುಡಿ, ತಲೆಯ ಮೇಲೆ ಕುಂಕುಮ. ಮರಣತಿಥಿ 14 ಅಕ್ಟೋಬರ್ 2025, ಅಂದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ತನ್ನ ಸಾಮಾನ್ಯ ಬೆಂಬಲ ನಿಲ್ಲಿಸಿದ ದಿನ. ಹನ್ನೊಂದಕ್ಕೆ ಬಡ್ತಿ ಕೊಡಿಸೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದೀಚಿನದಿರಬೇಕು. ಕುಲಗೋತ್ರ ಕೇಳಿ ಪಂಕ್ತಿಗೆ ಕೂರಿಸುವ ಈ ಸಂಪ್ರದಾಯದ ಮುಂದೆ ನಮ್ಮ ಶವ ಎಲೆ ಮುಂದಿನಿಂದ ಎದ್ದು ಬರಬೇಕಾಯಿತು. ವಿಚಿತ್ರವೆಂದರೆ, ಮಾರನೆಯ ಬೆಳಿಗ್ಗೆ ಅದು ಎಂದಿನಂತೆ ಎದ್ದು ನಾಲ್ಕು ಇನ್‌ವಾಯ್ಸ್ ಪ್ರಿಂಟ್ ಮಾಡಿತು.

ಪೂರ್ವಪಕ್ಷ: "ಕೊನೆಯೆಂದರೆ ಕೊನೆ, ಹೊಸದು ತಗೊಳ್ಳಿ." ಇದು ಕಂಪ್ಯೂಟರ್ ಮಾರುವವರ ಮತ. ಇದನ್ನು ಖಂಡಿಸಲು ದೂರ ಹೋಗಬೇಕಿಲ್ಲ. 2015ರ ಮೇ 1ರಿಂದ ನಮ್ಮ ಮೆಟ್ರೋದ ಹಸಿರು ಮಾರ್ಗಕ್ಕೆ ನಾಗಸಂದ್ರವೇ ಕೊನೆಯಾಗಿತ್ತು. 2024ರ ನವೆಂಬರ್ 7ರಂದು ರೈಲು ನಿಲ್ಲದೆ ಮಾದಾವರದವರೆಗೆ ಹೋಗಿಬಿಟ್ಟಿತು. ಅಂದಿನಿಂದ ಈ ಊರಿನವರು ಯಾರು 'ಇದೇ ಕೊನೆ' ಎಂದರೂ ಒಂದು ಹುಬ್ಬು ಏರಿಸುತ್ತಾರೆ. ಪೂರ್ವಪಕ್ಷ ನಿರಸ್ತ.

ಇನ್ನು ಹೊಸ ಜೀವಾತ್ಮ, ಅಂದರೆ ಲಿನಕ್ಸ್. ಗುರುಪರಂಪರೆ ಚಿಕ್ಕದು: 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಸಾರಿದರು; 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿಯೂ ಅದು ಬರೀ ಹವ್ಯಾಸವೆಂದೂ ತಿಳಿಸಿದರು; 2004ರಲ್ಲಿ ಉಬುಂಟು ಬಂತು. ಆತ್ಮವು ಪೆನ್‌ಡ್ರೈವ್‌ನಲ್ಲಿ ವಾಸಿಸುತ್ತದೆ. ಇನ್‌ಸ್ಟಾಲ್ ಮಾಡದೆಯೇ ಒಳಹೊಕ್ಕು ನೋಡಬಹುದು. ವೈಫೈ, ಪ್ರಿಂಟರ್ ಮಾತು ಕೇಳುತ್ತವೆಯೇ ಎಂದು ಪರೀಕ್ಷಿಸಿ ಹೊರಬರಬಹುದು. ಅಮರುಕನ ಕಾಲದಲ್ಲಿ ಈ ಟ್ರಯಲ್ ಸೌಲಭ್ಯ ಇರಲಿಲ್ಲ. ಶಿಷ್ಯರು ಗುರುವಿನ ದೇಹವನ್ನು ಗುಹೆಯಲ್ಲಿ ಕಾದರಲ್ಲ, ಅದಕ್ಕೀಗ ಬ್ಯಾಕಪ್ ಎನ್ನುತ್ತಾರೆ. ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡಲೇ ಎಂದು ಪರದೆ ಕೇಳುವಾಗ ಶಿಷ್ಯರು ಕಾಫಿಗೆ ಹೋಗಿರಬಾರದು.

ಪ್ರವೇಶಾನಂತರದ ವಿಕಾರಗಳಲ್ಲಿ ಮೊದಲನೆಯದು ಮೌನ. ಟರ್ಮಿನಲ್ಲಿನಲ್ಲಿ ಸುಡೋ ಎಂದು ಅಪ್ಪಣೆ ಕೊಟ್ಟು ಪಾಸ್‌ವರ್ಡ್ ಒತ್ತುತ್ತಿದ್ದರೆ ಪರದೆಯ ಮೇಲೆ ಚುಕ್ಕಿಯೂ ಮೂಡಲಿಲ್ಲ. ಓನರ್ ಕೀಬೋರ್ಡ್ ಕೆಟ್ಟಿದೆಯೆಂದು ಬಗೆದು ಹೊಸದಕ್ಕೆ ಹುಡುಗನನ್ನು ಎಸ್.ಪಿ. ರೋಡಿಗೆ ಕಳಿಸಿದ್ದರು. ಎರಡನೆಯದು ಅಕ್ಷರಭೇದ. ದೊಡ್ಡಕ್ಷರ ಸಣ್ಣಕ್ಷರಗಳ ತಂಟೆಯೇ ಇಲ್ಲದ ಲಿಪಿಯಲ್ಲಿ ಓದು ಕಲಿತವರಿಗೆ, ದೊಡ್ಡ 'ಬಿ'ಯ ಬಿಲ್ ಬೇರೆ, ಸಣ್ಣ 'ಬಿ'ಯ ಬಿಲ್ ಬೇರೆ ಫೈಲು ಎಂಬುದು ಅದ್ವೈತಕ್ಕೆ ಬಿದ್ದ ಪೆಟ್ಟು. ಮೂರನೆಯದು ಕಾಲಭ್ರಮೆ. ಎರಡು ಆತ್ಮಗಳನ್ನೂ ಒಂದೇ ದೇಹದಲ್ಲಿರಿಸಿದರೆ ಮದರ್‌ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ವೇಳೆಯೆಂದು ಓದುತ್ತದೆ, ಲಿನಕ್ಸ್ ಸಾರ್ವತ್ರಿಕ ವೇಳೆಯೆಂದು. ಹೀಗಾಗಿ ಲಿನಕ್ಸಿನಿಂದ ವಿಂಡೋಸಿಗೆ ಮರಳಿದಾಗ ಹಗಲು ಹನ್ನೊಂದಕ್ಕೆ ಬೆಳಗಿನ ಐದೂವರೆ ತೋರಿಸುವುದುಂಟು. ಒಂದು ಸಾಲಿನ ಆದೇಶದಿಂದ ಇದು ಸರಿಹೋಗುತ್ತದೆ. ಆದರೆ ಆ ಐದೂವರೆ ಗಂಟೆಗೆ ಓವರ್‌ಟೈಮ್ ಕೊಡಬೇಕೇ ಎಂಬ ವಿಷಯದಲ್ಲಿ ಲೇತ್ ಆಪರೇಟರುಗಳಿಗೂ ಓನರಿಗೂ ಇನ್ನೂ ಒಮ್ಮತ ಮೂಡಿಲ್ಲ.

ಕನ್ನಡದ ಸ್ಥಿತಿ ಮಾತ್ರ ನಿರೀಕ್ಷೆಗಿಂತ ಚೆನ್ನ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಸೆಟ್ಟಿಂಗ್ಸಿನಲ್ಲೇ ಕೂತಿದೆ, ಬೆರಳುಗಳು ಹೊಸದೇನೂ ಕಲಿಯಬೇಕಿಲ್ಲ. ಲಿನಕ್ಸಿನ ಲಾಂಛನ ಪೆಂಗ್ವಿನ್, ಅದರ ಜೊತೆಗೆ ಹಾಕಿಕೊಳ್ಳಬಹುದಾದ ಮುಕ್ತ ಕನ್ನಡ ಫಾಂಟುಗಳು ಗುಬ್ಬಿ ಮತ್ತು ನವಿಲು, ಪಕ್ಷಿಶಾಸ್ತ್ರಜ್ಞರು ಗಮನಿಸಬೇಕು. ಕಷ್ಟವಿರುವುದು ಯೂನಿಕೋಡ್‌ಪೂರ್ವ ನುಡಿ ಫಾಂಟಿನಲ್ಲಿ ಟೈಪಿಸಿಟ್ಟ ಹಳೆಯ ಪತ್ರಗಳಲ್ಲಿ. ಆ ಫಾಂಟಿಲ್ಲದೆ ತೆರೆದರೆ 'ಮಾನ್ಯರೇ' ಎಂಬುದು ರೋಮನ್ ಅಕ್ಷರಗಳ ಮೇಲೆ ಕೊಂಬು, ಚುಕ್ಕಿ ಏರಿದ ಶಾಸನವಾಗಿ ಕಾಣುತ್ತದೆ. ಇದನ್ನು ಲಿನಕ್ಸಿನ ತಪ್ಪೆನ್ನುವವರಿದ್ದಾರೆ. ತಪ್ಪು ಆ ಪತ್ರಗಳನ್ನು ಇಷ್ಟು ವರ್ಷ ಯೂನಿಕೋಡಿಗೆ ಪರಿವರ್ತಿಸದ ನಮ್ಮ ಸೋಮಾರಿತನದ್ದು ಎಂಬುದೇ ಪ್ರಬಂಧಕಾರನ ಖಚಿತ ಮತ.

ಇಷ್ಟಾಗಿ ಸಿದ್ಧಾಂತ ಸ್ಥಾಪನೆಯಾಗಬೇಕಿತ್ತು. ಆಗ ಅಕೌಂಟೆಂಟ್ ಮೇಡಂ ಒಳಬಂದು ಕೇಳಿದರು: "ಟ್ಯಾಲಿ ಎಲ್ಲಿ?" ಬೆಂಗಳೂರಿನದೇ ಕಂಪನಿಯ ಈ ತಂತ್ರಾಂಶ ಇನ್‌ಸ್ಟಾಲ್ ಆಗುವುದು ವಿಂಡೋಸಿನಲ್ಲಿ. ವೈನ್ ಎಂಬ ಮಧ್ಯವರ್ತಿಯ ಮೂಲಕ ಒಲಿಸಿಕೊಳ್ಳಲು ಯತ್ನಿಸಬಹುದೆಂದು ಪ್ರಬಂಧಕಾರನು ವಿನಯಪೂರ್ವಕ ಸೂಚಿಸಿದನು. ಮೇಡಂ ಕ್ಯಾಲೆಂಡರ್ ತೋರಿಸಿದರು. ತಾರೀಖು 18. ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ 20. ಆಫೀಸಿನ ಆತ್ಮವಿರುವುದು ಆಪರೇಟಿಂಗ್ ಸಿಸ್ಟಮಿನಲ್ಲೋ ಲೆಡ್ಜರಿನಲ್ಲೋ ಎಂಬ ತಾತ್ವಿಕ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ಪ್ರಬಂಧದ ಉತ್ತರಾರ್ಧ 21ರ ನಂತರ, ಮೇಡಂ ಅಪ್ಪಣೆಯಾದರೆ.