ಮಹಡಿಯ ಸ್ಥಾಪಕರು

ನಮ್ಮ ಎಚ್.ಎಸ್.ಆರ್. ಬಡಾವಣೆಯ ಮನೆಯ ಮಹಡಿಗೆ ಬಾಡಿಗೆಗೆ ಬಂದ ತರುಣನನ್ನು ಏನು ಕೆಲಸವಪ್ಪಾ ಎಂದು ವಿಚಾರಿಸಲಾಗಿ, 'ಫೌಂಡರ್, ಅಂಕಲ್' ಎಂದು ಅವನು ನುಡಿದ ಗಾಂಭೀರ್ಯವನ್ನು ಕಂಡು, ಈ ಊರನ್ನೇ ಕಟ್ಟಿಸಿದ ಕೆಂಪೇಗೌಡರು ಕೂಡ ತಮ್ಮನ್ನು ಇಷ್ಟು ನಿಸ್ಸಂಕೋಚವಾಗಿ ಪರಿಚಯಿಸಿಕೊಂಡಿರಲಾರರೆಂದು ನನಗೆ ತೋರಿತು. ಅಂದಿನಿಂದ ನಮ್ಮ ಮನೆಯಲ್ಲಿ ಅವರು 'ಸ್ಥಾಪಕರು'. ಬಾಡಿಗೆ ಕೇಳಲು ಮಹಡಿ ಹತ್ತಿದ ದಿನ, 2007ರಲ್ಲಿ ಪಕ್ಕದ ಕೋರಮಂಗಲದ ಒಂದು ಮನೆಯಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟಿನ ಶೇಕಡಾ 77ರಷ್ಟು ಪಾಲನ್ನು 2018ರಲ್ಲಿ ವಾಲ್‌ಮಾರ್ಟಿನವರು 1,600 ಕೋಟಿ ಡಾಲರಿಗೆ ಕೊಂಡ ಪುಣ್ಯಕಥೆಯನ್ನು ಅವರು ಸವಿಸ್ತಾರವಾಗಿ ಹೇಳಿದರು. ನಾನು ಬಂದ ಕಾರ್ಯವನ್ನು ಮರೆತು, ಕೈಮುಗಿಯುವುದೊಂದು ಬಾಕಿಯಾಗಿ, ಕೆಳಗಿಳಿದೆ.

ದೋಸೆಹಿಟ್ಟು ಹುದುಗು ಬಂದಿತೆ ಇಲ್ಲವೆ ಎಂಬುದನ್ನು ಫೋನಿಗೆ ತಿಳಿಸುವ ಮುಚ್ಚಳವೊಂದನ್ನು ಲೋಕಕ್ಕೆ ನೀಡುವುದು ಅವರ ಸಂಕಲ್ಪ. ಅದರ ಪರೀಕ್ಷೆಯ ಭಾಗ್ಯ ನನ್ನ ಅರ್ಧಾಂಗಿಯದಾಯಿತು. ಯಂತ್ರವನ್ನು ಕಟ್ಟುವುದಕ್ಕೆ ಮೊದಲು ಅದು ಯಾರಿಗಾದರೂ ಬೇಕೆ ಎಂದು ಅರಿಯತಕ್ಕದ್ದೆಂಬುದು ಈ ಶಾಸ್ತ್ರದ ಪ್ರಥಮ ಸೂತ್ರವಂತೆ, ಅದನ್ನು ಅರಿಯಲು ಯಂತ್ರವು ತಳೆಯುವ ಕನಿಷ್ಠ ಅವತಾರಕ್ಕೆ ಎಂವಿಪಿ ಎಂದು ನಾಮಧೇಯವಂತೆ. ಆದುದರಿಂದ ಮೊದಲ ಮುಚ್ಚಳದೊಳಗೆ ಏನೂ ಇರಲಿಲ್ಲ. ಅವರ ಇಂಜಿನಿಯರ್ ಹುಡುಗ ಎರಡು ಗಂಟೆಗೊಮ್ಮೆ ಇಳಿದುಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪಾತ್ರೆಯೊಳಗೆ ಇಣುಕಿ, ಮತ್ತೆ ಮಹಡಿ ಹತ್ತಿ, 'ಹಿಟ್ಟು ಶೇಕಡಾ 40 ಉಬ್ಬಿದೆ' ಎಂದು ಸಂದೇಶ ಕಳುಹಿಸುತ್ತಿದ್ದ. ಅದನ್ನು ಓದುವಾಗ ನನ್ನಾಕೆ ಆ ಪಾತ್ರೆಯ ಪಕ್ಕದಲ್ಲೇ ನಿಂತಿರುತ್ತಿದ್ದಳು. 'ಈ ಹುಡುಗ ಬಂದು ಹೋಗೋದೇ ಚೆನ್ನಾಗಿದೆ, ಮುಚ್ಚಳ ಯಾತಕ್ಕೆ?' ಎಂದು ಅವಳು ಕೇಳಿದ್ದನ್ನು ಸ್ಥಾಪಕರು ಬಿಳಿ ಹಲಗೆಯ ಮೇಲೆ 'ಗ್ರಾಹಕರ ತೃಪ್ತಿ: ಶೇಕಡಾ 100' ಎಂದು ದಾಖಲಿಸಿದರು.

ಎರಡನೆಯ ಮುಚ್ಚಳದಲ್ಲಿ ನಿಜವಾದ ಸೆನ್ಸರ್ ಇದ್ದಿತು. ಶ್ರವಣಾತೀತ ತರಂಗವನ್ನು ಹಿಟ್ಟಿನ ಮೇಲೆ ಹಾಯಿಸಿ, ಅದು ಮರಳಿ ಬರುವ ಕಾಲದಿಂದ ಎತ್ತರವನ್ನು ಅಳೆಯುವ ಆ ಸೂಕ್ಷ್ಮೋಪಕರಣವು, ಏಪ್ರಿಲ್ ತಿಂಗಳ ಒಂದು ಸೆಖೆಯ ರಾತ್ರಿ, ಹಿಟ್ಟು ತಾನಾಗಿಯೇ ಉಕ್ಕಿ ಮೇಲೆ ಬಂದು ಅಪ್ಪಿಕೊಂಡುದರಿಂದ, ಅಳೆಯಲು ಎತ್ತರವೇ ಇಲ್ಲದೆ ಅಸುನೀಗಿತು. ನಾನು ಸಂತಾಪ ಸೂಚಿಸಹೋದರೆ, 'ಕಲಿತೆವು ಅಂಕಲ್!' ಎಂದು ಅವರ ಮುಖ ಅರಳಿತು. ಅವರ ವ್ಯಾಕರಣದಲ್ಲಿ ನಿಷೇಧಾರ್ಥಕ ಕ್ರಿಯಾಪದಗಳಿಲ್ಲ. ಭವಿಷ್ಯತ್ಕಾಲವೂ ಇಲ್ಲ, ಆಗಲಿರುವುದೆಲ್ಲ ಆಗಲೇ ಆಗುತ್ತಿರುತ್ತದೆ.

ಧನಮೂಲದ ವಿಚಾರ. ಮೊದಲ ಹಣ ಕೊಟ್ಟ ಏಂಜೆಲ್, ಎಂದರೆ ದೇವದೂತ, ಅವರ ಸೋದರಮಾವ. ಆತ ಮಾರಿದ ಸೈಟಿನ ಹಣ ಎಷ್ಟು ತಿಂಗಳಿಗೆ ಸಾಲುವುದೋ ಅದಕ್ಕೆ ರನ್‌ವೇ ಎಂದು ಹೆಸರು. 'ಇನ್ನೂ ನಾಲ್ಕು ತಿಂಗಳ ರನ್‌ವೇ ಇದೆ' ಎಂದು ಅವರು ಹೆಮ್ಮೆಪಟ್ಟಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಅದರಲ್ಲಿ ಒಂದಿಷ್ಟು ದೂರ ವಿಮಾನ ಓಡುತ್ತಿದ್ದುದು ನನಗೆ ಬರಬೇಕಾದ ಬಾಡಿಗೆಯ ಮೇಲೆಯೇ. ಹೂಡಿಕೆದಾರರ ಮುಂದೆ ಮಾಡತಕ್ಕ ಪಿಚ್ಚಿನ ತಾಲೀಮು ನಮ್ಮ ಹಜಾರದಲ್ಲಿ ನಡೆಯಿತು. ಅದರ ಪ್ರಕಾರ ದೋಸೆ ತಿನ್ನುವ ಪ್ರತಿಯೊಂದು ಪ್ರಾಣಿಯೂ ಅವರ ಮಾರುಕಟ್ಟೆ. ಹೂಡಿಕೆದಾರರು ಮಾತ್ರ, 'ಹಾರ್ಡ್‌ವೇರ್ ಕಷ್ಟ, ಡೇಟಾ ಇದ್ದರೆ ನೋಡೋಣ' ಎಂದರಂತೆ.

ಮಾರನೆಯ ಬೆಳಿಗ್ಗೆ ಮುಚ್ಚಳ ಹೋಗಿ ಡೇಟಾ ಬಂದಿತು; ಇದಕ್ಕೆ ಪಿವಟ್ ಎನ್ನುತ್ತಾರೆ. ಖಾಲಿ ಮುಚ್ಚಳ ಈಗ ನಮ್ಮ ನಿಂಬೆ ಉಪ್ಪಿನಕಾಯಿಯ ಜಾಡಿಯ ಮೇಲಿದೆ. ಇಂಜಿನಿಯರ್ ಹುಡುಗ ಮಾತ್ರ ಪ್ರತಿ ಭಾನುವಾರ ಬೆಳಿಗ್ಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಹಿಟ್ಟಿನ ಪಾತ್ರೆಯೊಳಗೆ ಇಣುಕುತ್ತಾನೆ. ಬರುವಾಗ ತಟ್ಟೆಯನ್ನೂ ತರುತ್ತಾನೆ.