ಸೊನ್ನೆ ಮೀಟರ್ ದಾರಿಗೆ ಸಕಲ ಕಾವಲು

ಇರುವುದು ಒಂದೇ ಪೆಟ್ಟಿಗೆ. ಅದರಲ್ಲಿ ಹೋಸ್ಟ್, ಹೋಸ್ಟಿನ ಹೊಟ್ಟೆಯಲ್ಲಿ ಗೆಸ್ಟ್ ಎಂಬ ವರ್ಚುವಲ್ ಯಂತ್ರ. ಸರ್ವರ್ ಯಾಕೆ ಏದುಸಿರು ಬಿಡುತ್ತಿದೆ ಅಂತ ಹೋಸ್ಟಿನಲ್ಲಿ ‘ಪರ್ಫ್’ ಎಂಬ ತಪಾಸಣೆಯ ಸಾಧನ ಓಡಿಸಿದರೆ, ಗೆಸ್ಟ್ ಕರ್ನಲ್ಲಿನ ಬರೀ ವಿಳಾಸಗಳು ಸಿಗುತ್ತವೆ. ಸಿಪಿಯು ತಿನ್ನುತ್ತಿರುವ ಫಂಕ್ಷನ್ನಿನ ಹೆಸರು ಬೇಕೆಂದರೆ, ಯಾವ ವಿಳಾಸ ಯಾರದೆಂದು ಹೇಳುವ ಗೆಸ್ಟಿನ ‘ಕಾಲ್‌ಸಿಮ್ಸ್’ ಪಟ್ಟಿ ತರಬೇಕು. ಅದೂ ಭದ್ರವಾಗಿ!

ಭದ್ರತೆ ಎಂದ ಕೂಡಲೇ ನಮ್ಮವರು ಎಸ್‌ಎಸ್‌ಎಚ್ ಎನ್ನುತ್ತಾರೆ. ಪರ್ಫ್‌ನ ಕೈಪಿಡಿಯಲ್ಲೇ ಉಪಾಯವಿದೆ: ಗೆಸ್ಟಿನ ಇಡೀ ರೂಟ್ ಡೈರೆಕ್ಟರಿಯನ್ನು ಎಸ್‌ಎಸ್‌ಎಚ್‌ಎಫ್‌ಎಸ್‌ನಲ್ಲಿ ಹೋಸ್ಟಿಗೆ ಮೌಂಟ್ ಮಾಡಿ. ಬೇಕಿದ್ದದ್ದು ಒಂದೆರಡು ಫೈಲು, ಬಂದದ್ದು ಇಡೀ ಸಂಸಾರ. ಉದಾಹರಣೆಯ ಕಮಾಂಡಿನಲ್ಲಿ ‘ಅಲೋ ಅದರ್’ ಬೇರೆ ಇದೆ. ಹೋಸ್ಟಿನ ಉಳಿದ ಬಳಕೆದಾರರಿಗೂ ಬಾಗಿಲು ತೆರೆದಿರಲಿ ಎಂಬ ಔದಾರ್ಯ. ಸಂಪರ್ಕ ಎಲ್ಲಿಗೆ? ಲೋಕಲ್‌ಹೋಸ್ಟಿಗೆ, ಅಂದರೆ ಅದೇ ಪೆಟ್ಟಿಗೆಗೆ. ತಂತಿಯೇ ಇಲ್ಲದ ಕಡೆ ತಂತಿಗೆ ಗೂಢಲಿಪಿಯ ರಕ್ಷಣೆ, ಎರಡೂ ತುದಿಯಲ್ಲಿ ಬಾಗಿಲು ಬಟಾಬಯಲು.

ಇನ್ನು ಆ ಕಾಲ್‌ಸಿಮ್ಸ್ ಪಟ್ಟಿಯ ಗತಿ ನೋಡಿ. ಗೆಸ್ಟಿನ ಸಾಮಾನ್ಯ ಬಳಕೆದಾರ ಅದನ್ನು ಓದಲು ಹೋದರೆ ವಿಳಾಸದ ಜಾಗದಲ್ಲಿ ಸಾಲು ಸಾಲು ಸೊನ್ನೆ ಕಾಣುತ್ತದೆ. ಕರ್ನಲ್ ಪ್ರತಿ ಬೂಟಿಗೂ ತನ್ನ ಜಾಗ ಬದಲಿಸುವುದೇ ಯಾರಿಗೂ ಸುಳಿವು ಸಿಗದಿರಲಿ ಅಂತ. ಸ್ವಂತ ಮನೆಯವರಿಂದಲೇ ಬಚ್ಚಿಟ್ಟ ಈ ಗುಟ್ಟನ್ನು ನಾವು ರೂಟ್ ಆಗಿ ಲಾಗಿನ್ ಆಗಿ, ಕಾಪಿ ಮಾಡಿ, ಹೋಸ್ಟಿನ ‘ಟೆಂಪ್’ ಫೋಲ್ಡರಿನಲ್ಲಿ 644 ಪರ್ಮಿಶನ್ನಿಗೆ ಇಟ್ಟು ಊಟಕ್ಕೆ ಹೋಗುತ್ತೇವೆ. ಓದುವ ಪುಣ್ಯ ಸರ್ವರಿಗೂ.

ಇದಕ್ಕಿಂತ ದೊಡ್ಡ ತಮಾಷೆ ಎದುರು ದಿಕ್ಕಿನಲ್ಲಿದೆ. ಗೆಸ್ಟಿಗೆ ನುಗ್ಗಿದವನು ನಾವು ತರುವ ಆ ಫೈಲುಗಳಲ್ಲಿ ಏನು ಬೇಕಾದರೂ ಬರೆದಿಡಬಹುದು. ಹೋಸ್ಟಿನಲ್ಲಿ ರೂಟ್ ಆಗಿ ಓಡುವ ಪರ್ಫ್ ಅದನ್ನು ಭಕ್ತಿಯಿಂದ ಓದುತ್ತದೆ. ಆರೋಪಿ ಬರೆದುಕೊಟ್ಟ ಮಹಜರಿಗೆ ಇನ್‌ಸ್ಪೆಕ್ಟರು ಕಣ್ಣುಮುಚ್ಚಿ ಸಹಿ ಹಾಕಿದ ಹಾಗೆ. 2015ರ ‘ವೆನಂ’ ನೆನಪಿದೆಯೇ? ಗೆಸ್ಟುಗಳನ್ನು ಓಡಿಸುವ ಕ್ಯೂಇಎಂಯುವಿನ ಫ್ಲಾಪಿ ಕಂಟ್ರೋಲರ್ ಕೋಡಿನಲ್ಲಿ 2004ರಿಂದ ಮಲಗಿದ್ದ ದೋಷ ಅದು. ಗೆಸ್ಟಿನಿಂದ ಹೋಸ್ಟಿಗೆ ಜಿಗಿಯಲು ಯಾರೂ ಬಳಸದ ಫ್ಲಾಪಿಯೇ ಸಾಕಾಗಿತ್ತು. ಅಂಥದ್ದರಲ್ಲಿ ನಾವು ರತ್ನಗಂಬಳಿಯನ್ನೇ ಹಾಸುತ್ತಿದ್ದೇವೆ.

ಪರಿಹಾರ ಕಷ್ಟದ್ದೇನಲ್ಲ. ಬೇಕಾದ ಫೈಲನ್ನಷ್ಟೇ ತನ್ನಿ, ಅದನ್ನು ಓದುವ ಅಕೌಂಟಿಗಷ್ಟೇ ಸಿಗುವಂತೆ 600 ಪರ್ಮಿಶನ್ ಕೊಡಿ, ಮೌಂಟ್ ಮಾಡಲೇಬೇಕಿದ್ದರೆ ಓದಲು ಮಾತ್ರ ಮಾಡಿ. ರೆಕಾರ್ಡ್ ಮಾಡಲು ರೂಟ್ ಬೇಕಾದರೂ, ರಿಪೋರ್ಟ್ ಬಿಡಿಸುವ ಕೆಲಸವನ್ನು ಯಾವ ಅಧಿಕಾರವೂ ಇಲ್ಲದ ಬಡಪಾಯಿ ಅಕೌಂಟಿಗೆ ಒಪ್ಪಿಸಿ.

ಇಷ್ಟು ಹೇಳಿದರೆ ಆಡಿಟ್ ಸಾಹೇಬರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. “ಅದಿರಲಿ, ಟ್ರಾಫಿಕ್ ಎನ್‌ಕ್ರಿಪ್ಟ್ ಆಗಿದೆ ತಾನೇ?”

“ಆಗಿದೆ ಸಾರ್.”

ಹಸಿರು ಟಿಕ್ ಬೀಳುತ್ತದೆ. ಅವರ ಫಾರಂನಲ್ಲಿ ‘ಯಾರು ಓದುತ್ತಾರೆ? ಯಾರನ್ನು ನಂಬುತ್ತಾರೆ?’ ಎಂಬ ಕಾಲಂ ಇಲ್ಲ. ಕಾಲಂ ಇಲ್ಲದ ಕಡೆಯಿಂದ ಕಳ್ಳ ಬರುವಂತಿಲ್ಲ. ಬಂದರೆ ಅದು ಅವನ ಕಡೆಯಿಂದಾದ ನಿಯಮ ಉಲ್ಲಂಘನೆ.